ಗ್ರಾಮಸಂಸ್ಥೆಗಳಿಗೆ ಯಾವ ಲಿನಕ್ಸ್?

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಹಳ್ಳಿಗಳಲ್ಲಿ ಗಣಕಯಂತ್ರವು ಈಗ ವಿಲಾಸದ ವಸ್ತುವಲ್ಲ. ಸಹಕಾರಿ ಸಂಘದ ಸಾಲದ ಲೆಕ್ಕ, ಹೈಸ್ಕೂಲಿನ ದಾಖಲೆ, ಪಂಚಾಯತಿಯ ಗ್ರಂಥಾಲಯ ಇವೆಲ್ಲವೂ ಅದನ್ನೇ ನೆಚ್ಚಿವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ನ್ನು ತಾಳಲಾರವು. ಆದುದರಿಂದ ಬೆಲೆಯಿಲ್ಲದೆ ದೊರೆಯುವ ಲಿನಕ್ಸಿನ ಕಡೆಗೆ ಜನರ ದೃಷ್ಟಿ ಹೊರಳುವುದು ಸಹಜವೇ. ಆದರೆ ಲಿನಕ್ಸ್ ಒಂದಲ್ಲ, ನೂರಾರು. ಯಾವುದನ್ನು ಆರಿಸತಕ್ಕದ್ದು?

ಅಂದಚೆಂದವನ್ನು ನೋಡಿ ಆರಿಸುವುದು ಎತ್ತಿನ ಕೋಡಿನ ಬಣ್ಣ ನೋಡಿ ಕೊಂಡಂತೆ. ತಂತ್ರಾಂಶದಲ್ಲಿ ರಂಧ್ರ ಕಂಡಾಗ ಅದಕ್ಕೆ ತೇಪೆ ಹಾಕುವವರು ಯಾರು? ಎಷ್ಟು ವರ್ಷಗಳವರೆಗೆ ಹಾಕುವರು? ಕೇಳಬೇಕಾದ ಪ್ರಶ್ನೆಗಳು ಇವೇ.

ತಡವೂ ಕೇಡು, ಅವಸರವೂ ಕೇಡು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಪೀಡೆಯು ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಕೊಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು. ಲಿನಕ್ಸ್ ತಾನೇ ವಜ್ರಕವಚವೆಂದು ಬೀಗುವಂತೆಯೂ ಇಲ್ಲ. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಜೆಡ್’ ಎಂಬ ಉಪಕರಣದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದುದು ಬಯಲಾಯಿತು. ಹೊಚ್ಚಹೊಸದನ್ನು ಬೆನ್ನಟ್ಟುವ ಪ್ರಾಯೋಗಿಕ ಆವೃತ್ತಿಗಳಲ್ಲಿ ಅದು ಹೊಕ್ಕಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ಮುಟ್ಟಲಿಲ್ಲ.

ಕೊಟ್ಟ ಮಾತೂ ಮುಖ್ಯ. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲವೆಂದು ಜನರು ನಂಬಿದ್ದರು. ಅದು 2021ರ ಕೊನೆಗೇ ನಿಂತಿತು. ಫೆಡೋರಾ ಸಮರ್ಥವಾದರೂ ಅದರ ಪ್ರತಿ ಆವೃತ್ತಿಯ ಆಯುಷ್ಯ ಸುಮಾರು 13 ತಿಂಗಳು. ಸಂಘದ ಕಾರ್ಯದರ್ಶಿಗೆ ಆ ಓಟ ಸಲ್ಲದು. 1993ರಿಂದ ಸ್ವಯಂಸೇವಕರು ನಡೆಸುತ್ತಿರುವ ಡೆಬಿಯನ್‌ನ 13ನೆಯ ಆವೃತ್ತಿಯು 2025ರ ಆಗಸ್ಟ್‌ನಲ್ಲಿ ಹೊರಬಂದಿದ್ದು, ಐದು ವರ್ಷಗಳ ಬೆಂಬಲವುಳ್ಳದ್ದು. ಉಬುಂಟು 24.04ಕ್ಕೂ 2029ರವರೆಗೆ ಉಂಟು. ಸಿ-ಡ್ಯಾಕ್ ರಚಿಸಿದ ‘ಬಾಸ್’ ನಮ್ಮ ದೇಶದ್ದೆಂಬ ಅಭಿಮಾನ ತಕ್ಕುದೇ. ಆದರೆ ಅದೂ ಡೆಬಿಯನ್ ತಳಹದಿಯ ಮೇಲೆಯೇ ಕಟ್ಟಿದ್ದು. ಅಭಿಮಾನಕ್ಕಿಂತ ತೇಪೆಯ ತ್ವರಿತವೇ ಒರೆಗಲ್ಲಾಗಲಿ.

ನಮ್ಮ ಅಭಿಪ್ರಾಯದಲ್ಲಿ ಡೆಬಿಯನ್ ಅಥವಾ ಉಬುಂಟು, ಇವೆರಡರಲ್ಲೊಂದನ್ನು ತಾಲೂಕಿಗೆಲ್ಲ ಒಂದೇ ಆಗಿ ಆರಿಸುವುದು ಲೇಸು. ಆಗ ಒಬ್ಬನು ಕಲಿತದ್ದು ಹತ್ತು ಹಳ್ಳಿಗೆ ಆಗುವುದು. ರಕ್ಷಣೆಯ ತೇಪೆಗಳು ತಾವಾಗಿಯೇ ಸೇರುವಂತೆ ಏರ್ಪಡಿಸಬೇಕು. ನಿತ್ಯದ ಕೆಲಸಕ್ಕೆ ಆಡಳಿತಾಧಿಕಾರವಿಲ್ಲದ ಖಾತೆ ಇರಬೇಕು. ಲೆಕ್ಕದ ಪ್ರತಿಯು ಬೇರೊಂದು ಡಿಸ್ಕಿನಲ್ಲಿ, ಬೇರೊಂದು ಕಟ್ಟಡದಲ್ಲಿರಬೇಕು.

ಒಂದು ಎಚ್ಚರಿಕೆ. 2022ರ ಜೂನ್‌ನಲ್ಲಿ ಕೇಂದ್ರ ಸರಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆಯಿತ್ತಿದೆ. ಆ ಯೋಜನೆಯ ತಂತ್ರಾಂಶ, ಪಾಸ್‌ಬುಕ್ ಮುದ್ರಕ, ಬೆರಳಚ್ಚಿನ ಯಂತ್ರ ಇವು ಲಿನಕ್ಸಿನಲ್ಲಿ ನಡೆಯುವವೋ ಎಂಬುದನ್ನು ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸದೆ ಬದಲಾವಣೆ ಮಾಡಲಾಗದು. ಶಾಲೆ, ಗ್ರಂಥಾಲಯಗಳಿಂದ ಆರಂಭಿಸುವುದು ಕ್ಷೇಮ.

1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಾಗ ಅದರ ಬಂಡವಾಳವೆಲ್ಲ ಪರಸ್ಪರ ವಿಶ್ವಾಸವೇ. ಆ ವಿಶ್ವಾಸವು ಅಂದು ಖಾತೆಯ ಪುಸ್ತಕದಲ್ಲಿತ್ತು, ಇಂದು ಯಂತ್ರದಲ್ಲಿದೆ. ಅದರ ಬೀಗದ ಕೈ ಯಾರಲ್ಲಿದೆಯೆಂದು ವಾರ್ಷಿಕ ಸಭೆಯಲ್ಲಿ ಕೇಳುವುದು ಸದಸ್ಯರ ಹಕ್ಕು. ಉತ್ತರ ಕೊಡುವುದು ಸಂಚಾಲಕರ ಧರ್ಮ.