ನಿಮ್ಮ ಕಂಪನಿಯ ಸಾಫ್ಟ್‌ವೇರ್ ಲೆಕ್ಕ ಎಷ್ಟು ಗಟ್ಟಿ?

ಲೈಸೆನ್ಸ್ ಮಾತು ತೆಗೆದ ಕೂಡಲೇ ನಮ್ಮವರು ಹೇಳೋದು ಒಂದೇ: "ನಾವು ಕೋಡ್ ಬರೆಯೋರು, ಅದು ಪರ್ಚೇಸ್ ಡಿಪಾರ್ಟ್‌ಮೆಂಟ್ ತಲೆನೋವು." ನಾನೂ ಹಾಗೇ ಅಂದ್ಕೊಂಡಿದ್ದೆ, ಪುಣೆಗೆ ಬಂದು ಸೇರಿದ ಮೊದಲ ಕಂಪನಿಯಲ್ಲಿ ಒಂದು ಶುಕ್ರವಾರ ಸಂಜೆ ಆ ಮೇಲ್ ಬರೋ ತನಕ.

ಡೇಟಾಬೇಸ್ ಮಾರಿದ ಕಂಪನಿಯಿಂದ ಬಂದಿತ್ತು. ತುಂಬಾ ನಯವಾದ ಭಾಷೆ. ಆಡಿಟ್ ಅನ್ನೋ ಪದವೇ ಇಲ್ಲ, "ಲೈಸೆನ್ಸ್ ರಿವ್ಯೂ" ಅಂತಿತ್ತು. ನಮ್ಮ ಐಟಿ ಮ್ಯಾನೇಜರ್ ಧೈರ್ಯವಾಗಿ ಎಕ್ಸೆಲ್ ಶೀಟ್ ತೆಗೆದರು. ಅದರ ಪ್ರಕಾರ ಆರು ಸರ್ವರ್. ಎರಡು ವಾರ, ಶನಿವಾರ ಭಾನುವಾರ ಸೇರಿಸಿ ಹುಡುಕಿದಾಗ ಸಿಕ್ಕಿದ್ದು ಹದಿನಾಲ್ಕು. ಅದರಲ್ಲಿ ಎರಡು ನನ್ನವು! ಪರ್ಫಾರ್ಮೆನ್ಸ್ ಟೆಸ್ಟಿಂಗ್‌ಗೆ ಅಂತ ಪ್ರೊಡಕ್ಷನ್ ವಿಎಂ ಅನ್ನು ಕ್ಲೋನ್ ಮಾಡಿದ್ದೆ. ಕೆಲಸ ಮುಗೀತು, ಆಫ್ ಮಾಡೋದು ಮರೆತೆ. ವರ್ಷದ ಮೇಲೆ ಅವು ಸುಮ್ಮನೆ ಓಡ್ತಾ ಇದ್ವು. ಚೌಕಾಸಿ ಎಲ್ಲ ಆದ ಮೇಲೂ ಕಟ್ಟಬೇಕಾದ ಹಣ ನಮ್ಮ ವಿಭಾಗದ ಬಜೆಟ್‌ನಿಂದಲೇ ಹೋಯ್ತು. ಆ ವರ್ಷ ನಮ್ಮ ಟೀಮಲ್ಲಿ ಯಾರಿಗೂ ಹೈಕ್ ಬರಲಿಲ್ಲ. ಪಕ್ಕದ ಸೀಟಿನವರಿಗೆ ಅದೇ ವರ್ಷ ಮಗು ಹುಟ್ಟಿತ್ತು. ನನಗೆ ಅವರ ಮುಖ ನೋಡೋಕೆ ಆಗ್ತಿರಲಿಲ್ಲ.

ಸಾಫ್ಟ್‌ವೇರ್ ಅಸೆಟ್ ಮ್ಯಾನೇಜ್‌ಮೆಂಟ್ ಅಂದ್ರೆ ಇಷ್ಟೇ: ಏನು ಕೊಂಡಿದ್ದೀವಿ, ಏನು ಹಾಕಿದ್ದೀವಿ, ಏನು ಬಳಸ್ತಿದ್ದೀವಿ, ಈ ಮೂರೂ ಒಂದಕ್ಕೊಂದು ತಾಳೆ ಆಗೋ ಹಾಗೆ ನೋಡಿಕೊಳ್ಳೋದು. ಇದು ಒಂದು ಕಂಪನಿಯಲ್ಲಿ ಎಷ್ಟು ಪಕ್ವವಾಗಿದೆ ಅಂತ ಅಳೆಯೋಕೆ ಸುಮಾರು ಮಾದರಿಗಳಿವೆ. ಮೈಕ್ರೋಸಾಫ್ಟ್‌ನ ಹಳೆಯ ಮಾದರಿಯಲ್ಲಿ ನಾಲ್ಕು ಹಂತ: ಬೇಸಿಕ್, ಸ್ಟ್ಯಾಂಡರ್ಡೈಸ್ಡ್, ರ್‍ಯಾಷನಲೈಸ್ಡ್, ಡೈನಾಮಿಕ್. ಐಎಸ್ಒ 19770-1 ಅನ್ನೋ ಮಾನದಂಡ 2006ರಲ್ಲಿ ಬಂತು. 2012ರ ಆವೃತ್ತಿ ನಾಲ್ಕು ಮೆಟ್ಟಿಲು ಮಾಡ್ತು, 2017ರದ್ದು ಮೂರಕ್ಕೆ ಇಳಿಸ್ತು. ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಬೇಡಿ. ಗಮನಿಸಬೇಕಾದ್ದು ಒಂದೇ: ಎರಡೂ ಆವೃತ್ತಿಯಲ್ಲಿ ಮೊದಲ ಮೆಟ್ಟಿಲು "ನಂಬಬಹುದಾದ ಮಾಹಿತಿ". ಪ್ರೆಸೆಂಟೇಶನ್‌ನಲ್ಲಿ ಮೂರನೇ ಹಂತ ಅಂತ ತೋರಿಸಿಕೊಳ್ಳೋ ಕಂಪನಿಗಳು ಈ ಮೊದಲ ಮೆಟ್ಟಿಲಲ್ಲೇ ಎಡವೋದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಮಾಹಿತಿ ನಂಬಬಹುದಾ ಅಂತ ತಿಳಿಯೋದು ಹೇಗೆ? ಪ್ರಶ್ನಾವಳಿ ಕೊಟ್ಟು "ನಿಮ್ಮಲ್ಲಿ ಇನ್ವೆಂಟರಿ ಇದೆಯಾ" ಅಂತ ಕೇಳಿದ್ರೆ ಎಲ್ಲರೂ ಇದೆ ಅಂತಾರೆ. ಅದರ ಬದಲು ಎರಡು ಕಡೆಯಿಂದ ನಡೆದು ನೋಡಿ. ರಿಜಿಸ್ಟರ್‌ನಿಂದ ಇಪ್ಪತ್ತು ಮಷೀನ್ ಆರಿಸಿ, ಅವು ನಿಜವಾಗಿ ಎಲ್ಲಿವೆ, ಅದರೊಳಗೆ ಏನಿದೆ ಅಂತ ಹುಡುಕಿ. ಆಮೇಲೆ ಉಲ್ಟಾ: ಆಫೀಸಿನೊಳಗೆ ಓಡಾಡಿ ಇಪ್ಪತ್ತು ಲ್ಯಾಪ್‌ಟಾಪ್, ಕ್ಲೌಡ್ ಅಕೌಂಟಿಂದ ಇಪ್ಪತ್ತು ವಿಎಂ ಎತ್ತಿಕೊಂಡು ಅವು ರಿಜಿಸ್ಟರ್‌ನಲ್ಲಿ ಇವೆಯಾ ಅಂತ ನೋಡಿ. ಮೊದಲನೆಯದರಲ್ಲಿ ಪಾಸಾಗೋದು ಸುಲಭ. ಎರಡನೆಯದರಲ್ಲೇ ನನ್ನ ಕ್ಲೋನ್‌ನಂಥ ಅನಾಥ ವಿಎಂಗಳು ಹೊರಗೆ ಬರೋದು. ಮದುವೆ ಮನೆಯಲ್ಲಿ ಕರೆದವರ ಪಟ್ಟಿ ಹಿಡಿದು ಟಿಕ್ ಹಾಕಿದ್ರೆ ಸಾಲದು, ಪಂಕ್ತಿಯಲ್ಲಿ ಕೂತವರನ್ನೂ ಎಣಿಸಬೇಕಲ್ವಾ, ಹಾಗೆ.

ಹಾಕಿರೋದು ಗೊತ್ತಾದ ಮೇಲೆ ಹಕ್ಕಿನ ಲೆಕ್ಕ. ಇಲ್ಲಿ ಇನ್‌ವಾಯ್ಸ್ ಇದ್ದರೆ ಸಾಕು ಅನ್ನೋದು ತಪ್ಪು. ಯಾವ ಅಳತೆಯಲ್ಲಿ ಕೊಂಡಿದ್ದೀವಿ ಅನ್ನೋದೇ ಮುಖ್ಯ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರನ್ನ ಕೋರ್ ಲೆಕ್ಕದಲ್ಲಿ ಕೊಂಡು ವಿಎಂಗೆ ಹಾಕಿದ್ರೆ, ಆ ವಿಎಂಗೆ ಇರೋದು ಎರಡೇ ಕೋರ್ ಆದರೂ ಕನಿಷ್ಠ ನಾಲ್ಕು ಕೋರ್ ಲೈಸೆನ್ಸ್ ಬೇಕು. ವಿಷುವಲ್ ಸ್ಟುಡಿಯೋ ಸಬ್‌ಸ್ಕ್ರಿಪ್ಷನ್ ಜೊತೆ ಬರೋ ಸರ್ವರ್ ಸಾಫ್ಟ್‌ವೇರ್ ಡೆವಲಪ್‌ಮೆಂಟ್, ಟೆಸ್ಟಿಂಗ್‌ಗೆ ಮಾತ್ರ, ಪ್ರೊಡಕ್ಷನ್‌ಗೆ ಹಾಕೋ ಹಾಗಿಲ್ಲ.

ಅಳತೆಗೋಲು ಮಧ್ಯದಲ್ಲಿ ಬದಲಾಗೋದೂ ಉಂಟು. ಡಾಕರ್ ಡೆಸ್ಕ್‌ಟಾಪ್ ನೆನಪಿದೆಯಾ? 2021ರ ಆಗಸ್ಟ್ 31ರಂದು ಷರತ್ತು ಬದಲಾಯ್ತು. 250ಕ್ಕಿಂತ ಹೆಚ್ಚು ಉದ್ಯೋಗಿಗಳು ಅಥವಾ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯ ಇರೋ ಕಂಪನಿ ದುಡ್ಡು ಕೊಡಬೇಕು. 2022ರ ಜನವರಿ ಕೊನೆ ತನಕ ಗಡುವು ಕೊಟ್ಟರು. ನಮ್ಮಲ್ಲಿ ಬಹುತೇಕರು ಕೆಲಸ ಮಾಡೋ ಕಂಪನಿಗಳು ಈ ಗೆರೆ ದಾಟಿದವೇ. ಆದರೆ ಆವತ್ತು "ನಮ್ಮಲ್ಲಿ ಎಷ್ಟು ಜನರ ಲ್ಯಾಪ್‌ಟಾಪ್‌ನಲ್ಲಿ ಇದೆ" ಅಂತ ಕೇಳಿದ್ರೆ ಒಂದು ದಿನದಲ್ಲಿ ಉತ್ತರ ಕೊಡಬಲ್ಲ ಕಂಪನಿ ಎಷ್ಟಿತ್ತು?

ಜಾವಾ ಕಥೆ ಇನ್ನೂ ಖಾರ. 2023ರ ಜನವರಿಯಿಂದ ಒರಾಕಲ್‌ನ ಹೊಸ ಜಾವಾ ಸಬ್‌ಸ್ಕ್ರಿಪ್ಷನ್ ಕಂಪನಿಯ ಒಟ್ಟು ಉದ್ಯೋಗಿಗಳ ಲೆಕ್ಕದ ಮೇಲೆ ನಿಂತಿದೆ. ಜಾವಾ ಮುಟ್ಟದ ಎಚ್‌ಆರ್‌ನವರೂ ಲೆಕ್ಕಕ್ಕೆ ಬರ್ತಾರೆ, ಕಂಪನಿಯ ಒಳಗಿನ ಕೆಲಸಕ್ಕೆ ನೆರವಾಗೋ ಕಾಂಟ್ರಾಕ್ಟರ್‌ಗಳೂ ಬರ್ತಾರೆ. ಸಾವಿರಕ್ಕಿಂತ ಕಡಿಮೆ ಜನರಿದ್ದರೆ ಪಟ್ಟಿಯ ದರ ತಿಂಗಳಿಗೆ ತಲೆಗೆ 15 ಡಾಲರ್. 500 ಜನರ ಕಂಪನಿಗೆ ವರ್ಷಕ್ಕೆ 90,000 ಡಾಲರ್ ಆಯ್ತು. ಅದೇ ಎಕ್ಲಿಪ್ಸ್ ಟೆಮುರಿನ್‌ನಂಥ ಓಪನ್‌ಜೆಡಿಕೆ ಬಿಲ್ಡ್ ಉಚಿತ. ಹಾಗಾಗಿ ಪಕ್ವತೆಯ ಪ್ರಶ್ನೆ "ಜಾವಾ ಎಷ್ಟು ಕಡೆ ಇದೆ" ಅನ್ನೋದಲ್ಲ. ಯಾರ ಬಿಲ್ಡ್, ಯಾವ ಆವೃತ್ತಿ, ಯಾವ ಅಪ್‌ಡೇಟ್ ಅಂತ ಹೇಳೋಕೆ ಬರುತ್ತಾ ಅನ್ನೋದು. ಎಕ್ಸೆಲ್‌ನಲ್ಲಿ "ಜಾವಾ - 212" ಅಂತ ಬರೆದಿದ್ರೆ ಆ ಸಂಖ್ಯೆಯಿಂದ ಮೂರು ಕಾಸಿನ ಪ್ರಯೋಜನ ಇಲ್ಲ.

ಇದು ಬರೀ ದುಡ್ಡಿನ ವಿಷಯನೂ ಅಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ತೂತು ಬಯಲಾದಾಗ ಎಲ್ಲರೂ ಕೇಳಿದ್ದು ಇದೇ ಪ್ರಶ್ನೆ, ಇದು ನಮ್ಮಲ್ಲಿ ಎಲ್ಲೆಲ್ಲಿ ಇದೆ? ಲೆಕ್ಕ ಇಟ್ಟವರು ಪ್ಯಾಚ್ ಮಾಡೋಕೆ ಕೂತರು, ಇಲ್ಲದವರು ಮೊದಲು ಹುಡುಕೋಕೆ ಕೂತರು.

ಜನ ಬಿಟ್ಟು ಹೋದಾಗ ಏನಾಗುತ್ತೆ ಅಂತಲೂ ನೋಡಿ. ಕಳೆದ ತಿಂಗಳು ಕೆಲಸ ಬಿಟ್ಟ ಐದು ಜನರ ಹೆಸರು ತಗೊಂಡು, ಅವರ ಜೀರಾ, ಫಿಗ್ಮಾ, ಗಿಟ್‌ಹಬ್ ಸೀಟು ವಾಪಸ್ ಬಂತಾ ಅಂತ ಪರೀಕ್ಷಿಸಿ. ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್ ಎಲ್ಲ ಎಣಿಸಿ ಇಸ್ಕೋತಾರೆ, ಸೀಟು ಮಾತ್ರ ಹಾಗೇ ಉಳಿದು ತಿಂಗಳು ತಿಂಗಳು ಬಿಲ್ ಬರ್ತಿರುತ್ತೆ.

ಇನ್ನೊಂದು ಮಾತು, ಇದು ಸಣ್ಣ ಕಂಪನಿಗಳಲ್ಲಿ ಇರೋರಿಗೆ. "ಸದ್ಯಕ್ಕೆ ಕ್ರ್ಯಾಕ್ ಹಾಕ್ಕೋ, ಆಮೇಲೆ ಕೊಳ್ಳೋಣ" ಅಂತ ಯಾರಾದ್ರೂ ಹೇಳಿದ್ರೆ ಹಾಕ್ಕೋಬೇಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಗೊತ್ತಿದ್ದೂ ನಕಲಿ ಪ್ರೋಗ್ರಾಂ ಬಳಸಿದ್ರೆ 7 ದಿನದಿಂದ 3 ವರ್ಷದ ತನಕ ಜೈಲು, 50,000ದಿಂದ 2 ಲಕ್ಷ ರೂಪಾಯಿ ತನಕ ದಂಡ. ಕಾಯ್ದೆ ಹೇಳೋದು ಬಳಸಿದವರ ಬಗ್ಗೆ. ಬಾಯಲ್ಲಿ ಹೇಳಿದ ಮ್ಯಾನೇಜರ್ ಆಮೇಲೆ "ನಾನು ಹೇಳೇ ಇಲ್ಲ" ಅಂದ್ರೆ ನಿಮ್ಮ ಹತ್ತಿರ ಏನಿರುತ್ತೆ? ಮೇಲ್‌ನಲ್ಲಿ ಲೈಸೆನ್ಸ್ ಕೇಳಿ, ಬರೋ ತನಕ ಕಾಯಿರಿ.

ಹೋದ ತಿಂಗಳು ನನ್ನದೇ ಮಷೀನ್ ತಡಕಿದೆ. ಟರ್ಮಿನಲ್‌ನಲ್ಲಿ ಜಾವಾ ವರ್ಶನ್ ಕೇಳಿದ್ರೆ ಪಾಥ್‌ನಲ್ಲಿ ಮೊದಲು ಇರೋದನ್ನ ಮಾತ್ರ ತೋರಿಸುತ್ತೆ, ಆದ್ದರಿಂದ ಫೋಲ್ಡರ್‌ಗಳನ್ನೂ ತೆರೆದು ನೋಡಿ. ನನಗೆ ಮೂರು ಜೆಡಿಕೆ ಸಿಕ್ತು. ಎರಡು ಓಪನ್‌ಜೆಡಿಕೆ, ಒಂದು ಒರಾಕಲ್‌ದು. ಆ ಒಂದು ನಾನು ಹಾಕಿದ್ದಲ್ಲ, ಲ್ಯಾಪ್‌ಟಾಪ್ ಕೊಡುವಾಗಲೇ ಇದ್ದ ಇಮೇಜ್‌ನಲ್ಲಿ ಬಂದಿದ್ದು. ಅಂದ್ರೆ ಅದೇ ಇಮೇಜ್ ಪಡೆದ ಎಲ್ಲರಲ್ಲೂ ಇದೆ. ಐಟಿಗೆ ಟಿಕೆಟ್ ಹಾಕಿದ್ದೀನಿ, ಸ್ಟೇಟಸ್ ಇನ್ನೂ "ಓಪನ್" ಅಂತಲೇ ತೋರಿಸ್ತಿದೆ.