ಹಸಿರು ದೀಪವೂ ಕಿವಿಯೂ

ಗಿಟಾರಿನ ತಲೆಗೆ ಸಿಕ್ಕಿಸುವ ಪುಟ್ಟ ಎಲೆಕ್ಟ್ರಾನಿಕ್ ಟ್ಯೂನರ್ ತಂತಿಯ ಕಂಪನವನ್ನು ಅಳೆದು, ಶ್ರುತಿ ಕೂಡಿದೊಡನೆ ಹಸಿರು ದೀಪ ಬೆಳಗಿಸುತ್ತದೆ. ಆರೂ ತಂತಿಗಳಿಗೆ ಹಸಿರು ಬಂದರೂ ಮೂರನೆಯ ‘ಜಿ’, ಎರಡನೆಯ ‘ಬಿ’ ತಂತಿಗಳನ್ನು ಒಟ್ಟಿಗೆ ಮೀಟಿದರೆ ನಾದ ತುಸು ಅಲುಗುತ್ತದೆ. ಯಂತ್ರ ಕೆಟ್ಟಿದೆಯೇ? ಇಲ್ಲ.

‘ಜಿ’ ಸೆಕೆಂಡಿಗೆ 196 ಸಲ ಕಂಪಿಸುತ್ತದೆ. ಅದರೊಡನೆ ಪೂರ್ತಿ ಬೆರೆಯಲು ‘ಬಿ’ ಅದರ ಒಂದೂಕಾಲು ಪಟ್ಟು, ಅಂದರೆ 245 ಸಲ ಕಂಪಿಸಬೇಕು. ಟ್ಯೂನರ್ ಬಯಸುವುದು ಸುಮಾರು 247. ‘ಬಿ’ಯನ್ನು ಇಳಿಸಿದರೆ ‘ಜಿ’ಯೊಡನೆ ಇಂಪು, ಆದರೆ ‘ಇ’ ತಂತಿಯೊಡನೆ ಅಪಸ್ವರ! ಎಲ್ಲ ಸ್ವರಗಳಿಗೂ ಸಲ್ಲಲೆಂದು ಸ್ಥಾಯಿಯನ್ನು 12 ಸಮಪಾಲು ಮಾಡಿದ ರಾಜಿಯಿದು.

ಆದ್ದರಿಂದ ದೀಪ ಹಸಿರಾದ ಮೇಲೂ ತಂತಿಗಳನ್ನು ಒಟ್ಟಿಗೆ ಮೀಟಿ, ಕಿವಿಗೊಟ್ಟು ಕೇಳಿ. ಈ ಅಲುಗಾಟವನ್ನು ಗುರುತಿಸಲು ಕಲಿತ ಕಿವಿ, ಟ್ಯೂನರ್ ಇಲ್ಲದ ದಿನವೂ ಕೈಬಿಡುವುದಿಲ್ಲ.