ರಾಜೀನಾಮೆಗೆ ಸಹಿ ಹಾಕುವ ಮೊದಲು ಲೆಕ್ಕ ನೋಡಿ

ಕಳೆದ ತಿಂಗಳು ಉಪ್ಪಳದ ನನ್ನ ಅಂಗಡಿಗೆ ಶಾರ್ಜಾದಿಂದ ನೆರೆಮನೆಯ ಹುಡುಗನ ಫೋನ್ ಬಂತು. "ಇಚ್ಚಾ, ಕಂಪೆನಿಯಲ್ಲಿ ಜನ ಕಮ್ಮಿ ಮಾಡ್ತಿದ್ದಾರೆ. ನೀನೇ ರಾಜೀನಾಮೆ ಬರೆದುಕೊಡು, ನಿನಗೇ ಒಳ್ಳೆಯದು ಅಂತಿದ್ದಾರೆ. ಏನು ಮಾಡ್ಲಿ?"

ಸಹಿ ಹಾಕಬೇಡ, ಮೊದಲು ಲೆಕ್ಕ ಹಾಕೋಣ ಅಂದೆ. ಬಿ.ಕಾಂ ಓದಿದ್ದು ಇಂತಹ ಹೊತ್ತಿಗಾದರೂ ಉಪಯೋಗಕ್ಕೆ ಬರಬೇಕಲ್ಲ.

ಯುಎಇಯ ಖಾಸಗಿ ಕಂಪೆನಿಗಳಿಗೆ ಈಗಿರುವುದು 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಕಾರ್ಮಿಕ ಕಾನೂನು. ಅದರ ಪ್ರಕಾರ ಕೆಲಸದಿಂದ ತೆಗೆಯುವಾಗ ಲಿಖಿತ ನೋಟಿಸ್ ಕೊಡಬೇಕು. ಅವಧಿ ಕರಾರಿನಲ್ಲಿ ಇದ್ದಂತೆ, 30ರಿಂದ 90 ದಿನ. ಪ್ರೊಬೇಷನ್‌ನಲ್ಲಿ ಇದ್ದವರಿಗೆ 14 ದಿನ. ಆ ದಿನಗಳಿಗೆ ಪೂರ್ತಿ ಸಂಬಳ ಉಂಟು. "ನಾಳೆಯಿಂದ ಬರಬೇಡ" ಅಂದರೂ ನೋಟಿಸ್ ಅವಧಿಯ ಸಂಬಳ ಕೊಡಲೇಬೇಕು. ಬೇರೆ ಕೆಲಸ ಹುಡುಕಲು ವಾರಕ್ಕೊಂದು ದಿನ ಸಂಬಳರಹಿತ ರಜೆಯೂ ಇದೆ. ಇದು ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಈಗ ಅವನ ಲೆಕ್ಕ. ಮೂಲ ವೇತನ 2,000 ದಿರ್ಹಮ್, ಸರ್ವಿಸ್ 6 ವರ್ಷ. ಮೊದಲ 5 ವರ್ಷಕ್ಕೆ ತಲಾ 21 ದಿನದ ಮೂಲ ವೇತನ, ಅಂದರೆ 7,000. ಆರನೇ ವರ್ಷಕ್ಕೆ 30 ದಿನದ್ದು, 2,000. ಒಟ್ಟು ಗ್ರಾಚ್ಯುಟಿ 9,000 ದಿರ್ಹಮ್. ಭತ್ಯೆಗಳು ಇದರಲ್ಲಿ ಸೇರುವುದಿಲ್ಲ. ರಾಜೀನಾಮೆ ಕೊಟ್ಟರೂ ಈ ಹಣ ಸಿಗುತ್ತದೆ.

ಹಾಗಾದರೆ ನಷ್ಟ ಎಲ್ಲಿ? ನಿರುದ್ಯೋಗ ವಿಮೆಯಲ್ಲಿ. 2023ರಿಂದ ಶುರುವಾದ ಈ ಕಡ್ಡಾಯ ವಿಮೆಗೆ 16,000 ದಿರ್ಹಮ್‌ವರೆಗೆ ಮೂಲ ವೇತನ ಇರುವವರು ತಿಂಗಳಿಗೆ 5 ದಿರ್ಹಮ್ ಕಟ್ಟುತ್ತಾರೆ. ದಂಡ ಬೀಳಬಾರದು ಅಂತ ಎಲ್ಲರೂ ಕಟ್ಟುತ್ತಾರೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಸತತ 12 ತಿಂಗಳು ಕಟ್ಟಿದವನ ಕೆಲಸ ಹೋದರೆ ಮೂಲ ವೇತನದ ಶೇ. 60ರಷ್ಟು, ಗರಿಷ್ಠ 3 ತಿಂಗಳು ಸಿಗುತ್ತದೆ. ನಮ್ಮ ಹುಡುಗನಿಗೆ ಅದು 3,600 ದಿರ್ಹಮ್. ಆದರೆ ತಾನಾಗಿ ರಾಜೀನಾಮೆ ಕೊಟ್ಟವನಿಗೆ ಒಂದು ದಿರ್ಹಮ್ ಇಲ್ಲ. ಮೇಲಿಂದ ನೋಟಿಸ್ ಅವಧಿ ಮುಗಿಸದೆ ಹೊರಟರೆ ಆ ದಿನಗಳ ಸಂಬಳವನ್ನು ಅವನೇ ಕಂಪೆನಿಗೆ ಕೊಡಬೇಕಾಗುತ್ತದೆ! ಆ ಒಂದು ಕಾಗದದ ಬೆಲೆ ಇಷ್ಟು.

"ಬಾಕಿ ಎಲ್ಲ ಪಡೆದಿದ್ದೇನೆ" ಎಂಬ ಪತ್ರಕ್ಕೂ ಹಣ ಕೈಗೆ ಬರುವ ಮೊದಲು ಸಹಿ ಬೇಡ. ಕೆಲಸ ಮುಗಿದ 14 ದಿನದೊಳಗೆ ಕಂಪೆನಿ ಲೆಕ್ಕ ಚುಕ್ತಾ ಮಾಡಬೇಕು. ಮಾಡದಿದ್ದರೆ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯದ ಆ್ಯಪ್‌ನಲ್ಲೇ ದೂರು ಕೊಡಬಹುದು. 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಮನೆಕೆಲಸದವರಿಗೆ ಬೇರೆ ಕಾನೂನು ಇದೆ. ಸೌದಿ, ಕತಾರ್‌ನಲ್ಲಿ ಇರುವವರು ಈ ಲೆಕ್ಕ ಹಿಡಿದು ಹೋಗಬೇಡಿ.

ಹುಡುಗ ಲಿಖಿತ ನೋಟಿಸ್ ಕೇಳಿದ. ಎರಡು ದಿನ ಮುಖ ಊದಿಸಿದ ಮ್ಯಾನೇಜರ್ ಮೂರನೇ ದಿನ ಕೊಟ್ಟರು. ಊರಿಗೆ ಬಂದುಬಿಡು ಅಂತ ಮನೆಯಲ್ಲಿ ಉಮ್ಮ ಅಳುತ್ತಿದ್ದಾರೆ. ಆದರೆ ದೇಶ ಬಿಟ್ಟರೆ ವಿಮೆ ಹಣ ಸಿಗುವುದಿಲ್ಲ, ಅರ್ಜಿಯನ್ನೂ ಕೆಲಸ ಹೋದ 30 ದಿನದೊಳಗೆ ಹಾಕಬೇಕು. ಸದ್ಯಕ್ಕೆ ಟಿಕೆಟ್ ಮಾಡಬೇಡ ಅಂತ ಹೇಳಿದ್ದೇನೆ.